ಗುಬ್ಬಿ ಊರಿನ ಹುಡುಗನ ಕೈಗೆ ಏರ್‌ಗನ್

ನನ್ನ ಊರು ಗುಬ್ಬಿ. ತುಮಕೂರು ಜಿಲ್ಲೆಯ ಗುಬ್ಬಿ. ಹಾಸ್ಟೆಲ್‌ನಲ್ಲಿದ್ದಾಗ ಗೆಳೆಯರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ‘ಏಯ್ ಗುಬ್ಬಿ’ ಅಂದರೆ ಸಾಕು, ತಿರುಗಿ ನೋಡುತ್ತಿದ್ದೆ. ಇಂಥ ಊರಿನವನು ಒಂದು ವಿಷಯವನ್ನು ಮನೆಯಲ್ಲಿ ಇಲ್ಲಿಯವರೆಗೂ ಹೇಳಿಲ್ಲ. ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಗ ನಾನು ಮೂರು ಗುಬ್ಬಚ್ಚಿಗಳನ್ನು ಏರ್‌ಗನ್‌ನಿಂದ ಹೊಡೆದು ಕೊಂದಿದ್ದೇನೆ.

ಓದಿದ ಕೂಡಲೇ ನಿಮಗೆ ಸಿಟ್ಟು ಬಂದಿರಬಹುದು. ನನಗೂ ಹಾಗೇ ಬಂದಿತ್ತು, ಬೇರೊಬ್ಬರು ಹೊಡೆದದ್ದನ್ನು ಮೊದಲ ಸಲ ನೋಡಿದಾಗ. ಅಲ್ಲಿಂದ ನನ್ನ ಕೈಗೇ ಅದು ಬಂದದ್ದು ಹೇಗೆ ಎಂಬುದನ್ನು ಹೇಳುತ್ತೇನೆ.

ದೇವರ ಫೋಟೊ ಹಿಂದಿನ ಗೂಡು

ನಾನು ಚಿಕ್ಕವನಿದ್ದಾಗ ನಮ್ಮದು ಹೆಂಚಿನ ಮನೆ. ಗೋಡೆಗೆ ಮುಂದಕ್ಕೆ ಬಾಗಿಸಿ ತೂಗುಹಾಕಿದ್ದ ದೇವರ ಫೋಟೊಗಳ ಹಿಂದೆ ಪ್ರತಿ ವರ್ಷ ಗುಬ್ಬಿ ಗೂಡು. ಹುಲ್ಲು, ನಾರು, ಪುಕ್ಕ ಉದುರಿ ನಡುಮನೆಯೆಲ್ಲ ಕಸ. ಅಮ್ಮ ಗೊಣಗುತ್ತಲೇ ಗುಡಿಸುತ್ತಿದ್ದಳು, ಗೂಡನ್ನು ಮಾತ್ರ ಕೀಳುತ್ತಿರಲಿಲ್ಲ. ಮರಿ ಇದ್ದಾಗ ಎಂಥ ಸೆಕೆಯಿದ್ದರೂ ಫ್ಯಾನ್ ಹಾಕುವಂತಿರಲಿಲ್ಲ. ‘ರೆಕ್ಕೆಗೆ ಸಿಕ್ಕಿದ್ರೆ ಆ ಪಾಪ ಯಾರಿಗೋ?’ ಎನ್ನುತ್ತಿದ್ದಳು. ನಾವೆಲ್ಲ ಬೀಸಣಿಗೆ ಬೀಸಿಕೊಂಡೇ ಊಟ ಮಾಡುತ್ತಿದ್ದೆವು. ರಾತ್ರಿ ಅಜ್ಜಿ ಹೇಳುತ್ತಿದ್ದುದು ಕಾಗಕ್ಕ ಗುಬ್ಬಕ್ಕನ ಕಥೆ. ಮಳೆಗೆ ಮನೆ ಕಳೆದುಕೊಂಡ ಕಾಗಕ್ಕ ಬಾಗಿಲು ತಟ್ಟುತ್ತಾಳೆ, ಒಳಗೆ ಬೆಚ್ಚಗಿರುವ ಗುಬ್ಬಕ್ಕ ಒಂದೊಂದೇ ನೆಪ ಹೇಳುತ್ತಾಳೆ.

ಮುಂದೆ ನಮ್ಮ ಮನೆಗೆ ಆರ್‌ಸಿಸಿ ಆಯಿತು, ಫೋಟೊಗಳು ಗೋಡೆಗೆ ಅಂಟಿ ಕೂತವು, ಗುಬ್ಬಿಗಳು ಬರುವುದು ನಿಂತಿತು. ಡಿಗ್ರಿಯಲ್ಲಿದ್ದಾಗ ನಮ್ಮ ಎನ್ನೆಸ್ಸೆಸ್ ಘಟಕದವರು ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನಕ್ಕೆ ಶೂ ಡಬ್ಬಗಳಲ್ಲಿ ಗೂಡು ಮಾಡಿ ಕ್ಯಾಂಪಸ್ ತುಂಬ ಕಟ್ಟಿದ್ದೆವು. ಹಾರ, ಭಾಷಣ, ಗ್ರೂಪ್ ಫೋಟೊ, ಸ್ಟೇಟಸ್ಸಿಗೆ ಒಂದು ಹಾಡು. ಮೊದಲ ಮಳೆಗೆ ಅಷ್ಟೂ ಡಬ್ಬ ನೆನೆದು ಬಿದ್ದವು. ಮತ್ತೆ ಯಾರೂ ಆ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಆದರೂ ನಾನೊಬ್ಬ ಗುಬ್ಬಿ ಪ್ರೇಮಿ ಎಂದೇ ನಂಬಿಕೊಂಡಿದ್ದೆ.

‘ಟಪ್’ ಎಂದ ಸದ್ದು

ಎಂ.ಎಸ್. ಮಾಡಲು ಹೋದದ್ದು ಓಹಿಯೋ ರಾಜ್ಯಕ್ಕೆ. ಕ್ಯಾಂಪಸ್ ಪಕ್ಕದ ಬಾಡಿಗೆ ನನ್ನ ಲೋನಿನ ಲೆಕ್ಕಕ್ಕೆ ಹೊಂದಲಿಲ್ಲ. ಊರಾಚೆ, ಜೋಳದ ಹೊಲಗಳ ನಡುವಿನ ಒಂದು ಹಳೇ ಮನೆಯಲ್ಲಿ ರೂಮ್ ಸಿಕ್ಕಿತು. ಮಾಲೀಕರಿಗೆ 74 ವರ್ಷ. ಶಾಲಾ ಬಸ್ ಓಡಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಎದುರಿಗೆ ಅವರನ್ನು ಅಲ್ಲಿನ ರೂಢಿಯಂತೆ ಹೆಸರು ಹಿಡಿದೇ ಕರೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವರು ‘ತಾತ’.

ಹಿತ್ತಲಲ್ಲಿ ಒಂದು ಎತ್ತರದ ಕಂಬ. ಅದಕ್ಕೆ ಧ್ವಜಸ್ತಂಭದಂತೆ ಹಗ್ಗ, ರಾಟೆ. ಅದರ ತುದಿಯಲ್ಲಿ ಗೊಂಚಲಾಗಿ ಹನ್ನೆರಡು ಬಿಳಿ ಸೋರೆಬುರುಡೆಗಳು, ಒಂದೊಂದಕ್ಕೂ ಒಂದು ಬಾಯಿ. ಬೇಲಿಯುದ್ದಕ್ಕೂ ಎದೆಯೆತ್ತರದ ಕಬ್ಬಿಣದ ಸಲಾಕೆಗಳ ಮೇಲೆ ಐದು ಮರದ ಗೂಡುಪೆಟ್ಟಿಗೆ. ಎಲ್ಲವನ್ನೂ ಹಾಕಿಸಿದ್ದು ಅವರ ಹೆಂಡತಿ. ಬುರುಡೆಗಳು ‘ಪರ್ಪಲ್ ಮಾರ್ಟಿನ್’ ಎಂಬ ಹಕ್ಕಿಗೆ, ಪೆಟ್ಟಿಗೆಗಳು ‘ಬ್ಲೂಬರ್ಡ್’ಗೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ‘ಟಪ್’ ಎಂದಿತು. ಪೆಟ್ಟಿಗೆಯ ಪಕ್ಕದ ಗೂಟದ ಮೇಲಿದ್ದ ಹಕ್ಕಿಯೊಂದು ಕೆಳಗೆ ಬಿತ್ತು. ತಾತ ಏರ್‌ಗನ್ ಇಳಿಸಿ ನಿಧಾನಕ್ಕೆ ನಡೆದು ಹೋದರು. ನಾನೂ ಚಪ್ಪಲಿ ಹಾಕದೆ ಓಡಿದೆ. ಅದೇ ಕಪ್ಪು ಗಡ್ಡ, ಅದೇ ಕಂದು ಬೆನ್ನು, ಅದೇ ಬೂದು ನೆತ್ತಿ. ನಮ್ಮ ಮನೆಯ ಫೋಟೊ ಹಿಂದಿದ್ದ ಗುಬ್ಬಿಯೇ!

‘ಯಾಕೆ ಹೊಡೆದಿರಿ?’ ಎಂದೆ. ದನಿ ಏರಿತ್ತು. ‘ಇದು ಇಲ್ಲಿಯದಲ್ಲ’ ಎಂದರು ತಾತ.

ಆ ಮಾತು ನನಗೆ ಬೇರೆಯೇ ಕಡೆ ಚುಚ್ಚಿತು. ವೀಸಾದ ಮೇಲೆ ಬದುಕುವವನಿಗೆ ‘ಇಲ್ಲಿಯದಲ್ಲ’ ಎಂಬುದು ಬರೀ ಹಕ್ಕಿಯ ಮಾತಾಗಿ ಕೇಳುವುದಿಲ್ಲ. ‘ನಾನೂ ಇಲ್ಲಿಯವನಲ್ಲ’ ಎಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನನ್ನ ಮುತ್ತಾತನೂ ಜರ್ಮನಿಯಿಂದ ಬಂದವನೇ. ಬಂದದ್ದು ತಪ್ಪು ಅಂತ ಯಾರು ಹೇಳಿದರು? ಈ ಗುಬ್ಬಿ ತಾನಾಗಿ ಬಂದದ್ದೂ ಅಲ್ಲ, ನಾವೇ ಪಂಜರದಲ್ಲಿ ತಂದು ಬಿಟ್ಟೆವು. ಅದು ಪೆಟ್ಟಿಗೆಯೊಳಗೆ ಏನು ಮಾಡುತ್ತದೆ ಅಂತ ನೀನು ಇನ್ನೂ ನೋಡಿಲ್ಲ’ ಎಂದರು. ಆವತ್ತು ರಾತ್ರಿ ನಾನು ಅವರ ಜೊತೆ ಊಟಕ್ಕೆ ಕೂರಲಿಲ್ಲ.

ಹಡಗೇರಿ ಬಂದ ಗುಬ್ಬಿ

ಕೋಪದಲ್ಲಿಯೇ ಓದಲು ಕೂತೆ. ತಾತನ ಮಾತು ಸುಳ್ಳೆಂದು ಸಾಧಿಸುವುದೇ ಉದ್ದೇಶವಾಗಿತ್ತು. ಆಗಲಿಲ್ಲ.

ಅಮೆರಿಕ ಖಂಡಗಳಲ್ಲಿ ನಮ್ಮ ಗುಬ್ಬಚ್ಚಿ ಮೊದಲು ಇರಲೇ ಇಲ್ಲ. 1850ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಿಂದ ತರಿಸಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಬಿಟ್ಟರು. ಬೀದಿ ಮರಗಳ ಎಲೆ ತಿನ್ನುವ ಹುಳುಗಳನ್ನು ಅದು ತಿಂದೀತು ಎಂಬ ಆಸೆ, ಜೊತೆಗೆ ಬಿಟ್ಟುಬಂದ ನಾಡಿನ ಹಕ್ಕಿ ಕಣ್ಣೆದುರು ಇರಲಿ ಎಂಬ ಹಂಬಲ. ಗುಬ್ಬಿ ಹುಳುವಿಗಿಂತ ಕಾಳನ್ನು ಹೆಚ್ಚು ನಂಬಿತು. ಕುದುರೆಗಾಡಿಗಳ ಕಾಲ, ಬೀದಿಯಲ್ಲಿ ಚೆಲ್ಲಿದ ಕಾಳಿಗೆ ಬರವಿರಲಿಲ್ಲ. 1870ರ ದಶಕದಲ್ಲಿ ಗುಬ್ಬಿ ಒಳ್ಳೆಯದೋ ಕೆಟ್ಟದ್ದೋ ಎಂದು ಎಲಿಯಟ್ ಕೌಸ್ ಮತ್ತು ಥಾಮಸ್ ಬ್ರೂವರ್ ಎಂಬ ಇಬ್ಬರು ಪಕ್ಷಿತಜ್ಞರ ನಡುವೆ ಜಗಳವೇ ನಡೆಯಿತು. ಅದಕ್ಕೆ ‘ಗುಬ್ಬಿ ಯುದ್ಧ’ ಎಂದೇ ಹೆಸರು. 1889ರ ಹೊತ್ತಿಗೆ ಅಲ್ಲಿನ ಕೃಷಿ ಇಲಾಖೆ ಈ ಹಕ್ಕಿಯ ಹಾವಳಿ ಕುರಿತೇ ದಪ್ಪ ವರದಿಯೊಂದನ್ನು ಪ್ರಕಟಿಸಿತು.

ಸ್ಟಾರ್ಲಿಂಗ್ ಎಂಬ ಇನ್ನೊಂದು ಹಕ್ಕಿಯದೂ ಇಂಥದೇ ಕಥೆ. ಇದು ನಮ್ಮ ಗೊರವಂಕದ ಸಂಬಂಧಿ. 1890ರಲ್ಲಿ ಯೂಜೀನ್ ಶೀಫೆಲಿನ್ ಎಂಬಾತ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಸುಮಾರು 60 ಹಕ್ಕಿಗಳನ್ನು ಬಿಟ್ಟ, ಮರುವರ್ಷ ಇನ್ನಷ್ಟು. ಷೇಕ್ಸ್‌ಪಿಯರ್ ನಾಟಕಗಳಲ್ಲಿ ಬರುವ ಹಕ್ಕಿಗಳನ್ನೆಲ್ಲ ಅಮೆರಿಕಕ್ಕೆ ತರಲು ಹೊರಟಿದ್ದ ಎಂಬ ಕಥೆ ಜನಪ್ರಿಯ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಹಕ್ಕಿ ಬಿಟ್ಟದ್ದು ಮಾತ್ರ ನಿಜ. ಇಂದು ಅವು ಇಡೀ ಖಂಡದಲ್ಲಿವೆ.

ಇದರಿಂದ ಕಷ್ಟಕ್ಕೆ ಬಿದ್ದದ್ದು ಪೊಟರೆಯಲ್ಲಿ ಗೂಡು ಮಾಡುವ ಅಲ್ಲಿನ ಮೂಲ ಹಕ್ಕಿಗಳು. ಬ್ಲೂಬರ್ಡ್‌ಗೆ ಮರ ಕೊರೆಯಲು ಬರುವುದಿಲ್ಲ. ಇರುವ ಪೊಟರೆ ಹುಡುಕಬೇಕು, ಇಲ್ಲವೇ ಪೆಟ್ಟಿಗೆ ಬೇಕು. ಒಣಮರಗಳು ಹೋದವು, ಉಳಿದ ಪೊಟರೆಗಳಿಗೆ ಗುಬ್ಬಿ, ಸ್ಟಾರ್ಲಿಂಗ್ ಬಂದು ಕೂತವು. ಕಳೆದ ಶತಮಾನದಲ್ಲಿ ಬ್ಲೂಬರ್ಡ್ ಕಾಣುವುದೇ ಅಪರೂಪವಾದಾಗ ಸಾಮಾನ್ಯ ಜನ ಬೇಲಿಗಳುದ್ದಕ್ಕೂ ಪೆಟ್ಟಿಗೆ ಕಟ್ಟಲು ಹೊರಟರು. 1978ರಲ್ಲಿ ಇದಕ್ಕೆಂದೇ ಒಂದು ಉತ್ತರ ಅಮೆರಿಕ ಬ್ಲೂಬರ್ಡ್ ಸೊಸೈಟಿ ಹುಟ್ಟಿತು. ಹಕ್ಕಿ ಮರಳಿ ಬಂತು.

ಪರ್ಪಲ್ ಮಾರ್ಟಿನ್‌ನದು ಇನ್ನೂ ವಿಚಿತ್ರ. ನಮ್ಮ ಕೆರೆಗಳ ಮೇಲೆ ಹಾರಾಡುತ್ತ ಹುಳ ಹಿಡಿಯುವ ಸ್ವಾಲೋ ಹಕ್ಕಿಗಳ ಬಳಗದ್ದು ಅದು. ಚಳಿಗಾಲಕ್ಕೆ ಬ್ರೆಜಿಲ್ ಕಡೆ ಹೋಗಿ ವಸಂತಕ್ಕೆ ವಾಪಸ್ ಬರುತ್ತದೆ. ಅಲ್ಲಿನ ಮೂಲನಿವಾಸಿಗಳು ಯುರೋಪಿನವರು ಬರುವ ಮೊದಲೇ ಅದಕ್ಕೆ ಸೋರೆಬುರುಡೆ ತೂಗುಹಾಕುತ್ತಿದ್ದರು. ಈಗ ಖಂಡದ ಪೂರ್ವ ಭಾಗದಲ್ಲಿ ಅದು ಹೆಚ್ಚೂಕಡಿಮೆ ಪೂರ್ತಿಯಾಗಿ ಮನುಷ್ಯ ಕೊಟ್ಟ ಮನೆಯಲ್ಲೇ ಮರಿ ಮಾಡುತ್ತದೆ. ಜನ ಮನೆ ಕೊಡುವುದನ್ನು ನಿಲ್ಲಿಸಿದರೆ ಅದಕ್ಕೆ ಬೇರೆ ದಾರಿ ಇಲ್ಲ.

ಕಾನೂನೂ ಇದನ್ನು ಗುರುತಿಸಿದೆ. 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯ್ದೆಯ ಪ್ರಕಾರ ಅಲ್ಲಿನ ಮೂಲ ಹಕ್ಕಿಗಳನ್ನು ಕೊಲ್ಲುವುದಿರಲಿ, ಮೊಟ್ಟೆ, ಮರಿ ಇರುವ ಅವುಗಳ ಗೂಡು ಕಿತ್ತರೂ ಅಪರಾಧ. ಹೊರಗಿನಿಂದ ತಂದ ಗುಬ್ಬಿ, ಸ್ಟಾರ್ಲಿಂಗ್, ಪಾರಿವಾಳಗಳಿಗೆ ಮಾತ್ರ ಆ ರಕ್ಷಣೆ ಇಲ್ಲ.

‘ನನಗೊಂದು ಅವಕಾಶ ಕೊಡಿ’

ಓದಿ ಮುಗಿಸಿದ ಮೇಲೂ ನನ್ನ ಮನಸ್ಸು ಒಪ್ಪಲಿಲ್ಲ. ‘ಕೊಲ್ಲದೆ ತಡೆಯುವ ದಾರಿಗಳಿವೆ. ಈ ಸೀಸನ್ ನನಗೆ ಬಿಡಿ’ ಎಂದು ತಾತನನ್ನು ಕೇಳಿದೆ. ಅವರು ಒಪ್ಪಿದರು. ಏರ್‌ಗನ್ ಗ್ಯಾರೇಜಿನ ಬೀರು ಸೇರಿತು.

ಮೊದಲು ಹಕ್ಕಿಗೆ ಹಾಕುವ ಕಾಳು ಬದಲಿಸಿದೆ. ಜೋಳದ ನುಚ್ಚು, ಸಿರಿಧಾನ್ಯ ಹಾಕಿದರೆ ಗುಬ್ಬಿಗಳಿಗೆ ಹಬ್ಬ. ಅದನ್ನು ನಿಲ್ಲಿಸಿದೆ. ಬುರುಡೆಗಳ ಗುಂಡು ಬಾಯಿ ತೆಗೆದು ಅರ್ಧಚಂದ್ರಾಕಾರದ ಬಾಯಿ ಹಾಕಿದೆವು. ಎತ್ತರ ಸುಮಾರು 30 ಮಿಲಿಮೀಟರ್. ಮಾರ್ಟಿನ್ ಹೊಟ್ಟೆ ಹೊಸೆದುಕೊಂಡು ನುಗ್ಗುತ್ತದೆ, ಸ್ಟಾರ್ಲಿಂಗ್‌ಗೆ ಆಗುವುದಿಲ್ಲ. ಬ್ಲೂಬರ್ಡ್ ಪೆಟ್ಟಿಗೆಯ ಒಂದೂವರೆ ಇಂಚಿನ ತೂತು ಕೂಡ ಸ್ಟಾರ್ಲಿಂಗ್ ತಡೆಯುವ ಅಳತೆಯೇ. ತೊಂದರೆ ಎಂದರೆ ಗುಬ್ಬಿ ಇವೆರಡರಲ್ಲೂ ಆರಾಮಾಗಿ ನುಗ್ಗುತ್ತದೆ. ಅಷ್ಟು ಚಿಕ್ಕದು ಅದು.

ಗುಬ್ಬಿ ಗೂಡು ಕಟ್ಟಿದಾಗೆಲ್ಲ ಕಿತ್ತು ಹಾಕಿದೆ. ಬೆಳಿಗ್ಗೆ ಕಿತ್ತರೆ ಸಂಜೆಗೆ ಮತ್ತೆ ಹುಲ್ಲು. ಗಂಡು ಗುಬ್ಬಿಗೆ ಜಾಗದ ಮೇಲೆ ಮೋಹ, ಒಮ್ಮೆ ತನ್ನದೆಂದುಕೊಂಡ ಪೆಟ್ಟಿಗೆಯನ್ನು ಸುಲಭಕ್ಕೆ ಬಿಡುವುದಿಲ್ಲ. ಎರಡನೇ ಪೆಟ್ಟಿಗೆಯ ಗುಬ್ಬಿ ಅಂಥ ಹಟಮಾರಿ. ಅದರ ಹಟ ನೋಡಿ ನಗು ಬರುತ್ತಿತ್ತು. ನಮ್ಮೂರಿನದೇ ಇರಬೇಕು ಎಂದು ತಾತನಿಗೆ ತಮಾಷೆ ಮಾಡಿದ್ದೆ.

ಮೂರನೇ ಪೆಟ್ಟಿಗೆಯಲ್ಲಿ ಬ್ಲೂಬರ್ಡ್ ಜೋಡಿ ಸೇರಿಕೊಂಡಿತು. ಗಂಡಿನ ಬೆನ್ನು ಕಡು ನೀಲಿ, ಎದೆ ಇಟ್ಟಿಗೆ ಕೆಂಪು. ಹೆಣ್ಣು ಮಾಸಲು ಬಣ್ಣದ್ದು. ತಿಳಿನೀಲಿಯ ನಾಲ್ಕು ಮೊಟ್ಟೆ ಇಟ್ಟಿತು. ಈ ಹಂತದಲ್ಲಿ ಮಾಡಬೇಕಾದದ್ದು ಒಂದಿದೆ. ಪೆಟ್ಟಿಗೆಯ ಮೇಲ್ಗಡೆ ಒಂದು ಕೋಲು ನಿಲ್ಲಿಸಿ, ಹೊಳೆಯುವ ಪ್ಲಾಸ್ಟಿಕ್ ಪಟ್ಟಿಗಳನ್ನು ತೂತಿನ ಮುಂದೆ ಇಳಿಬಿಡುವುದು. ಮೊದಲ ಮೊಟ್ಟೆ ಇಟ್ಟ ಮೇಲೆ ಕಟ್ಟಿದರೆ ಬ್ಲೂಬರ್ಡ್ ಅದಕ್ಕೆ ಒಗ್ಗಿಕೊಳ್ಳುತ್ತದೆ, ಗುಬ್ಬಿ ಹೆದರಿ ಸಾಮಾನ್ಯವಾಗಿ ಹತ್ತಿರ ಬರುವುದಿಲ್ಲ. ಪಟ್ಟಿ ಕತ್ತರಿಸಿಟ್ಟೆ, ಕೋಲನ್ನೂ ತಂದಿಟ್ಟೆ. ಅಷ್ಟರಲ್ಲಿ ಸೆಮಿಸ್ಟರ್ ಪರೀಕ್ಷೆ, ಪ್ರಾಜೆಕ್ಟ್ ಸಬ್ಮಿಷನ್. ‘ನಾಳೆ ಕಟ್ಟಿದರಾಯಿತು’ ಎಂದು ಮೂರು ದಿನ ಅದು ನನ್ನ ಮೇಜಿನ ಮೇಲೇ ಬಿದ್ದಿತ್ತು.

ನಾಲ್ಕನೇ ಬೆಳಿಗ್ಗೆ ಪೆಟ್ಟಿಗೆಯ ತೂತಿನಿಂದ ಒಣಹುಲ್ಲು ಇಣುಕುತ್ತಿತ್ತು. ಮೇಲೆ ಕೂತು ಚಿಲಿಪಿಲಿ ಎನ್ನುತ್ತಿದ್ದುದು ಅದೇ ಎರಡನೇ ಪೆಟ್ಟಿಗೆಯ ಗುಬ್ಬಿ. ಬಾಗಿಲು ತೆರೆದೆ. ಹೆಣ್ಣು ಬ್ಲೂಬರ್ಡ್ ಮೊಟ್ಟೆಗಳ ಮೇಲೆಯೇ ಸತ್ತಿತ್ತು. ತಲೆಯನ್ನು ಕುಕ್ಕಿ ಕುಕ್ಕಿ ಕೊಂದಿತ್ತು. ಮೊಟ್ಟೆಗಳು ಒಡೆದಿದ್ದವು. ಸತ್ತ ಹಕ್ಕಿಯ ಮೇಲೆಯೇ ಗುಬ್ಬಿ ಹುಲ್ಲು ಹಾಸಲು ಶುರುಮಾಡಿತ್ತು. ಬೇಲಿಯ ತಂತಿಯ ಮೇಲೆ ಕೂತಿದ್ದ ಗಂಡು ಬ್ಲೂಬರ್ಡ್‌ನ ಬಾಯಲ್ಲಿ ಒಂದು ಹುಳ. ಹೆಣ್ಣಿಗೆ ತಂದದ್ದು.

ಕಾಗಕ್ಕ ಗುಬ್ಬಕ್ಕನ ಕಥೆ ಅವತ್ತು ತಲೆಕೆಳಗಾಯಿತು. ಬಾಗಿಲು ಒಡೆದು ಒಳಗೆ ನುಗ್ಗಿದ್ದು ಗುಬ್ಬಕ್ಕನ ಮನೆಯವರೇ.

ತಾತ ಬಂದು ನೋಡಿದರು. ‘ನಾನು ಹೇಳಲಿಲ್ಲವಾ’ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಲಗೈ ಎತ್ತಿ ತೋರಿಸಿದರು. ಬೆರಳು ನಡುಗುತ್ತಿತ್ತು. ‘ಹೋದ ತಿಂಗಳಿಂದ ಹೆಚ್ಚಾಗಿದೆ. ನಡುಗುವ ಕೈಯಲ್ಲಿ ಹೊಡೆದರೆ ಹಕ್ಕಿ ಗಾಯಗೊಂಡು ನರಳುತ್ತದೆ, ಸಾಯುವುದಿಲ್ಲ. ನಾನು ಇನ್ನು ಹೊಡೆಯುವುದಿಲ್ಲ. ಪೆಟ್ಟಿಗೆಗಳನ್ನೆಲ್ಲ ತೆಗೆದುಬಿಡೋಣ ಅಂತಿದ್ದೇನೆ’ ಎಂದರು.

ಕಾಯಲಾಗದಿದ್ದರೆ ಪೆಟ್ಟಿಗೆ ಇಡಲೇಬಾರದು ಎಂಬುದು ಅವರ ಹೆಂಡತಿಯ ನಿಯಮವಂತೆ. ಇಟ್ಟು ಸುಮ್ಮನಿದ್ದರೆ ಬ್ಲೂಬರ್ಡ್‌ಗೆ ಮನೆ ಕೊಟ್ಟಂತಲ್ಲ, ಬಲೆ ಒಡ್ಡಿದಂತೆ. ನಾನು ನಮ್ಮ ಕಾಲೇಜಿನ ಶೂ ಡಬ್ಬಗಳನ್ನು ನೆನೆಸಿಕೊಂಡೆ.

‘ನಾನು ಕಲಿಯುತ್ತೇನೆ’ ಎಂದೆ.

ಒಣಹುಲ್ಲಿನ ಪಿಂಡಿಗೆ ಎರಡು ವಾರ

ಅದಕ್ಕೆ ಮೊದಲು ಒಂದು ಕೆಲಸ ಮಾಡಿದೆ. ಹೊರಗೆ ಓದಲು ಹೋಗುವ ಗೆಳೆಯರು ಇದನ್ನು ನೆನಪಿಡಬೇಕು. ಎಫ್-1 ವೀಸಾದಂಥ ತಾತ್ಕಾಲಿಕ ವೀಸಾದವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಗಾಳಿಯ ಒತ್ತಡದಿಂದ ಸಿಡಿಯುವ ಏರ್ ರೈಫಲ್ ಆ ಕಾನೂನಿನ ಲೆಕ್ಕದಲ್ಲಿ ಬಂದೂಕಲ್ಲ. ಆದರೆ ನ್ಯೂಜೆರ್ಸಿಯಂಥ ರಾಜ್ಯದಲ್ಲಿ ಅದೂ ಬಂದೂಕೇ. ನಗರದ ಮಿತಿಯೊಳಗೆ ಏರ್‌ಗನ್ ಹಾರಿಸುವುದನ್ನು ಎಷ್ಟೋ ಊರುಗಳು ನಿಷೇಧಿಸಿವೆ. ನಾವಿದ್ದದ್ದು ನಗರ ಮಿತಿಯ ಆಚೆ. ಆದರೂ ಸ್ಥಳೀಯ ನಿಯಮ ವಿಚಾರಿಸಿಕೊಂಡ ಮೇಲೆಯೇ ಅದನ್ನು ಮುಟ್ಟಿದೆ.

ಜಾತ್ರೆಯಲ್ಲಿ ಬಲೂನಿಗೆ ಹೊಡೆದಿದ್ದೇ ನನ್ನ ಅನುಭವ. ಆ ಧೈರ್ಯದಲ್ಲಿ ಹಿಡಿದವನಿಗೆ ತಾತ ಎರಡು ವಾರ ಹಕ್ಕಿಯ ಮಾತೇ ಎತ್ತಲು ಬಿಡಲಿಲ್ಲ. ಒಣಹುಲ್ಲಿನ ಪಿಂಡಿಗೆ ಕಾಗದ ಅಂಟಿಸಿ, ಹದಿನೈದು ಹೆಜ್ಜೆ ದೂರದಿಂದ ಒಂದು ರೂಪಾಯಿ ನಾಣ್ಯದಷ್ಟು ವೃತ್ತಕ್ಕೆ ಹತ್ತಕ್ಕೆ ಹತ್ತು ಬೀಳುವವರೆಗೆ ಅಭ್ಯಾಸ. ಅದು ಸ್ಪ್ರಿಂಗ್ ಏರ್ ರೈಫಲ್. ನಳಿಗೆಯನ್ನು ಮುರಿದಂತೆ ಬಗ್ಗಿಸಿ ಒಂದೊಂದೇ ಸೀಸದ ಗುಂಡು ತುಂಬಬೇಕು, ಗುಂಡಿನ ಅಗಲ ನಾಲ್ಕೂವರೆ ಮಿಲಿಮೀಟರ್. ಪ್ರತಿ ಸಲ ಕಣ್ಣಿಗೆ ರಕ್ಷಣೆಯ ಕನ್ನಡಕ. ಟ್ರಿಗರ್ ಮೇಲೆ ಬೆರಳು ಕೊನೆಗೆ ಮಾತ್ರ.

ಅವರ ನಿಯಮಗಳು ಇವು. ಹಕ್ಕಿಯನ್ನಷ್ಟೇ ನೋಡಬೇಡ, ಅದರ ಹಿಂದೆ ಏನಿದೆ ನೋಡು. ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆಂದು ಗೊತ್ತಿಲ್ಲದಿದ್ದರೆ ಹೊಡೆಯಬೇಡ. ಆಕಾಶದ ಕಡೆ, ಗೂಡಿನ ಕಡೆ ಯಾವತ್ತೂ ಬೇಡ. ಅದಕ್ಕೆಂದೇ ಗುಬ್ಬಿ ಕೂರುವ ಗೂಟವೊಂದನ್ನು ತಗ್ಗಿನಲ್ಲಿ ನೆಟ್ಟು, ಅದರ ಹಿಂದೆ ಹುಲ್ಲಿನ ಪಿಂಡಿಗಳನ್ನು ಗೋಡೆಯಂತೆ ಪೇರಿಸಿದ್ದರು. ಒಂದೇ ಏಟಿಗೆ ಸಾಯುತ್ತದೆಂಬ ಖಾತ್ರಿ ಇಲ್ಲದಿದ್ದರೆ ಗನ್ ಇಳಿಸು. ಸತ್ತ ಹಕ್ಕಿಯನ್ನು ಬಯಲಲ್ಲಿ ಬಿಡಬೇಡ. ಅದರೊಳಗಿನ ಸೀಸ ತಿಂದ ಗಿಡುಗಕ್ಕೂ ವಿಷವಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಗುರುತು. ಗಂಡು ಗುಬ್ಬಿಗೆ ಕಪ್ಪು ಗಡ್ಡವಿದೆ, ಸರಿ. ಹೆಣ್ಣು ಗುಬ್ಬಿ ಮಾಸಲು ಕಂದು. ಕಾಯ್ದೆಯ ರಕ್ಷಣೆಯಿರುವ ಅಲ್ಲಿನ ಹಲವು ಪುಟ್ಟ ಹಕ್ಕಿಗಳೂ ಹಾಗೇ ಕಾಣುತ್ತವೆ. ಸ್ಟಾರ್ಲಿಂಗ್, ಮಾರ್ಟಿನ್ ಎರಡೂ ದೂರದಿಂದ ಕಪ್ಪು. ಉದ್ದನೆಯ ಹಳದಿ ಕೊಕ್ಕು, ಮೊಂಡು ಬಾಲವಾದರೆ ಸ್ಟಾರ್ಲಿಂಗ್. ಗಿಡ್ಡ ಕೊಕ್ಕು, ಕವಲು ಬಾಲವಾದರೆ ಮಾರ್ಟಿನ್. ಉಳಿಸಲು ಹೊರಟ ಹಕ್ಕಿಯನ್ನೇ ಕೊಲ್ಲುವುದು ಅಷ್ಟು ಸುಲಭ.

ಮೇ ಕೊನೆಯ ಒಂದು ಬೆಳಿಗ್ಗೆ ಆ ಗುಬ್ಬಿ ಗೂಟದ ಮೇಲೆ ಬಂದು ಕೂತಿತು. ಎದೆ ಉಬ್ಬಿಸಿ ಕೂಗುತ್ತಿತ್ತು. ಅದರ ಕೂಗು ನಮ್ಮ ನಡುಮನೆಯ ಕೂಗು. ಒಂದು ಕ್ಷಣ ನನಗೆ ಫ್ಯಾನಿನ ಸ್ವಿಚ್ ನೆನಪಾಯಿತು. ಟ್ರಿಗರ್ ಒತ್ತಿದೆ.

ಓಡಿ ಹೋಗಿ ಎತ್ತಿಕೊಂಡೆ. ಬಿಸಿಯಿತ್ತು. ತೂಕವೇ ಇಲ್ಲ. ಇಷ್ಟು ವರ್ಷ ಗುಬ್ಬಿಯ ಬಗ್ಗೆ ಮಾತಾಡಿದವನು ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅಳು ಬಂತು. ತಾತ ಹತ್ತಿರ ಬಂದು, ‘ಹೀಗೇ ಇರಲಿ. ಯಾವತ್ತು ಏನೂ ಅನ್ನಿಸುವುದಿಲ್ಲವೋ ಅವತ್ತು ಇದನ್ನು ಬೀರುವಿಗೆ ಇಟ್ಟುಬಿಡು’ ಎಂದರು.

ಕೊನೆಯ ಕಾಲಂ

ಆವತ್ತು ಸಂಜೆ ಅವರು ಹೆಂಡತಿಯ ನೋಟ್‌ಬುಕ್ ತಂದು ಕೊಟ್ಟರು. ಹದಿನೆಂಟು ವರ್ಷದ ಲೆಕ್ಕ. ಯಾವ ದಿನ ಮೊದಲ ಮಾರ್ಟಿನ್ ಬಂತು, ಯಾವ ಪೆಟ್ಟಿಗೆಯಲ್ಲಿ ಎಷ್ಟು ಮೊಟ್ಟೆ, ಎಷ್ಟು ಮರಿ ಹಾರಿದವು. ಬಲತುದಿಯಲ್ಲಿ ಕೆಂಪು ಶಾಯಿಯ ಇನ್ನೊಂದು ಕಾಲಂ. ಎಷ್ಟು ಗುಬ್ಬಿ, ಎಷ್ಟು ಸ್ಟಾರ್ಲಿಂಗ್ ಕೊಂದದ್ದು, ದಿನಾಂಕ ಸಮೇತ.

‘ಇದನ್ನು ಬರೆಯುವುದು ಬೇಡ ಅಂತ ನಾನು ಹೇಳುತ್ತಿದ್ದೆ. ಹಾರಿದ್ದನ್ನು ಬರೆಯುವ ಪುಸ್ತಕದಲ್ಲೇ ಕೊಂದದ್ದನ್ನೂ ಬರೆಯಬೇಕು ಅಂತ ಅವಳ ಹಟ’ ಎಂದರು ತಾತ. ನಾನು ಆ ಕಾಲಂನಲ್ಲಿ ದಿನಾಂಕ ಬರೆದು ‘1’ ಎಂದು ಹಾಕಿದೆ. ಎಡಗಡೆ ‘ಮೂರನೇ ಪೆಟ್ಟಿಗೆ: ಹೆಣ್ಣು ಬ್ಲೂಬರ್ಡ್ 1, ಮೊಟ್ಟೆ 4’ ಎಂದೂ ಬರೆದೆ. ಕಾರಣ ಎಂಬಲ್ಲಿ ‘ಪಟ್ಟಿ ಕಟ್ಟಿರಲಿಲ್ಲ’ ಎಂದು ಬರೆದೆ. ಪ್ರಾಜೆಕ್ಟ್ ರಿಪೋರ್ಟಿನ ಎಂಬತ್ತು ಪುಟಕ್ಕಿಂತ ಆ ಒಂದು ಸಾಲು ಬರೆಯುವುದು ಕಷ್ಟವಾಗಿತ್ತು.

ಆ ಬೇಸಿಗೆಯಲ್ಲಿ ಇನ್ನೆರಡು ಗುಬ್ಬಿ ಹೊಡೆದೆ. ನಾಲ್ಕನೆಯದಕ್ಕೆ ಗುರಿ ಹಿಡಿದು ಗನ್ ಇಳಿಸಿದೆ. ಗಡ್ಡವಿರಲಿಲ್ಲ, ಖಾತ್ರಿಯಾಗಲಿಲ್ಲ. ಅದು ಹಾಡತೊಡಗಿದ ಮೇಲೆ ಗೊತ್ತಾಯಿತು, ಅಲ್ಲಿನದೇ ಸಾಂಗ್ ಸ್ಪ್ಯಾರೋ ಎಂದು. ಅದನ್ನು ನೆನೆದರೆ ಈಗಲೂ ಬೆವರುತ್ತೇನೆ. ಜೂನ್‌ನಲ್ಲಿ ಗಂಡು ಬ್ಲೂಬರ್ಡ್ ಹೊಸ ಜೊತೆಗಾತಿಯೊಂದಿಗೆ ಐದನೇ ಪೆಟ್ಟಿಗೆಗೆ ಬಂತು. ಮೊದಲ ಮೊಟ್ಟೆ ಕಂಡ ದಿನವೇ ಪಟ್ಟಿ ಕಟ್ಟಿದೆ. ನಾಲ್ಕು ಮೊಟ್ಟೆಯಲ್ಲಿ ಮೂರು ಮರಿ ಹಾರಿದವು. ಏಳು ಬುರುಡೆಗಳಲ್ಲಿ ಮಾರ್ಟಿನ್ ಸಂಸಾರ. ಆಗಸ್ಟ್‌ನಲ್ಲಿ ಅವೆಲ್ಲ ದಕ್ಷಿಣಕ್ಕೆ ಹೊರಟು ಹಿತ್ತಲು ಖಾಲಿಯಾಯಿತು.

ಮೂರು ಗುಬ್ಬಿ ಸತ್ತರೆ ಅಮೆರಿಕದ ಗುಬ್ಬಿಗಳ ಲೆಕ್ಕ ಬದಲಾಗುವುದಿಲ್ಲ. ಅಲ್ಲಿಯೂ ಅವುಗಳ ಸಂಖ್ಯೆ ಬೇರೆ ಕಾರಣಗಳಿಂದ ಇಳಿಯುತ್ತಿದೆ. ಏರ್‌ಗನ್ ಉಳಿಸಿದ್ದು ಇಡೀ ಪ್ರಭೇದವನ್ನಲ್ಲ, ನಾವೇ ಕರೆದು ಕೂರಿಸಿದ ಒಂದು ಪೆಟ್ಟಿಗೆಯ ಹಕ್ಕಿಗಳನ್ನು. ಪಟ್ಟಿಯನ್ನು ಸಮಯಕ್ಕೆ ಕಟ್ಟಿದ್ದರೆ ಮೊದಲ ಗುಬ್ಬಿಯನ್ನು ಹೊಡೆಯುವ ಪ್ರಮೇಯವೂ ಬರುತ್ತಿರಲಿಲ್ಲವೇನೋ. ಗನ್ ಬಂದದ್ದು ನನ್ನ ಸೋಮಾರಿತನದ ನಂತರ.

ಅಲ್ಲಿ ಹಾಗೆ, ಇಲ್ಲಿ ಹೀಗೆ

ಇದನ್ನೋದಿ ಯಾರೂ ಇಲ್ಲಿ ಏರ್‌ಗನ್ ಹುಡುಕಬೇಡಿ. ನಮ್ಮ ನೆಲದಲ್ಲಿ ಗುಬ್ಬಿ ಹೊರಗಿನದಲ್ಲ, ಮನೆಯ ಹಕ್ಕಿ. ದೆಹಲಿ 2012ರಲ್ಲಿ ಅದನ್ನು ರಾಜ್ಯಪಕ್ಷಿ ಎಂದು ಘೋಷಿಸಿತು. ನಮ್ಮಲ್ಲಿ ಹಕ್ಕಿ ಬೇಟೆಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ತಡೆಯಿದೆ. ಅರುಣಾಚಲ ಪ್ರದೇಶದಲ್ಲಿ ಹಕ್ಕಿಗಳನ್ನು ಉಳಿಸಲೆಂದೇ 2021ರಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭವಾಯಿತು, ಜನ ತಾವಾಗಿ ತಂದು ಕೊಟ್ಟರು. ಒಂದೇ ವಸ್ತು ಅಲ್ಲಿ ಕಾವಲಿಗೆ, ಇಲ್ಲಿ ಕೇಡಿಗೆ.

ಹಕ್ಕಿಯೂ ಹಾಗೆಯೇ. ನಮ್ಮ ಅಂಗಳದ ಗೊರವಂಕವನ್ನು 1860ರ ದಶಕದಲ್ಲಿ ಹುಳ ತಿನ್ನಲೆಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಒಯ್ದರು. ಇಂದು ಅದು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲಿದೆ. ಅಲಂಕಾರಕ್ಕೆಂದು ನಮ್ಮಲ್ಲಿಗೆ ಬಂದ ಅಮೆರಿಕ ಮೂಲದ ಲಂಟಾನ ಬಂಡೀಪುರದ ಕಾಡಿನೊಳಗೆ ಹುಲ್ಲು ಬೆಳೆಯದಂತೆ ಹಬ್ಬಿದೆ. ಗುಬ್ಬಿಯದಾಗಲೀ ಗೊರವಂಕದ್ದಾಗಲೀ ಲಂಟಾನದ್ದಾಗಲೀ ತಪ್ಪೇನಿಲ್ಲ. ಅವು ಎಲ್ಲಿ ಬಿಟ್ಟರೂ ತಮ್ಮ ಬದುಕು ಬದುಕುತ್ತವೆ. ಎತ್ತಿಕೊಂಡು ಹೋಗಿ ಬಿಟ್ಟವರು ನಾವು. ಆಮೇಲಿನ ಕೊಳಕು ಕೆಲಸವೂ ನಮ್ಮದೇ.

ಓದು ಮುಗಿಸಿ ಊರಿಗೆ ಬಂದು ವರ್ಷವಾಯಿತು. ಸದ್ಯ ಗುಬ್ಬಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಇಂಟರ್‌ವ್ಯೂಗಳಿಗೆ ಓಡಾಡುತ್ತಿದ್ದೇನೆ. ಈ ಮಾರ್ಚ್‌ನಲ್ಲಿ ಮನೆಯ ಜಗುಲಿಗೆ ಹಲಗೆಯ ಎರಡು ಗೂಡು ಹೊಡೆದೆ. ತೂತು 32 ಮಿಲಿಮೀಟರ್. ಸೂರಿನ ಕೆಳಗೆ, ಮಳೆ ತಾಗದ ಕಡೆ, ಬೆಕ್ಕಿಗೆ ಎಟುಕದ ಎತ್ತರದಲ್ಲಿ. ವಾರಕ್ಕೊಮ್ಮೆ ನೋಡುತ್ತೇನೆ, ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಒಂದರಲ್ಲಿ ಜೋಡಿ ಸೇರಿಕೊಂಡಿದೆ. ಬಾಗಿಲು ತೆರೆದಿದ್ದರೆ ನಡುಮನೆಗೂ ಬರುತ್ತವೆ. ಅಮ್ಮ ಮತ್ತೆ ಫ್ಯಾನ್ ಆರಿಸಲು ಶುರುಮಾಡಿದ್ದಾಳೆ.

ಮೊನ್ನೆ ಬೀಸಣಿಗೆ ಬೀಸಿಕೊಳ್ಳುತ್ತ, ‘ಅಮೆರಿಕದಾಗೂ ಗುಬ್ಬಿ ಇದಾವೇನೋ?’ ಎಂದು ಕೇಳಿದಳು.

‘ಇದಾವೆ ಕಣಮ್ಮ, ತುಂಬಾ ಇದಾವೆ’ ಎಂದೆ.

ಉಳಿದದ್ದು ಬಾಯಿಗೆ ಬರಲಿಲ್ಲ. ಅಮ್ಮ ದಿನಾ ಪೇಪರ್ ಓದುತ್ತಾಳೆ. ಇದನ್ನೂ ಓದುತ್ತಾಳೆ ಎಂಬ ಧೈರ್ಯದಲ್ಲಿ ಕೊನೆಯ ಕಾಲಂ ಭರ್ತಿ ಮಾಡಿ ಕಳಿಸುತ್ತಿದ್ದೇನೆ.